ಸಾಣೆಯವಳ ಸೈಟು, ನನ್ನ ಮಂಗಳವಾರ

ನಿವೃತ್ತಿಯಾದ ಮೇಲೆ ನನ್ನನ್ನು ಮೊದಲು ನೆನಪಿಸಿಕೊಂಡವಳು ನಮ್ಮ ಉಪ್ಸಾಲಾ ಕನ್ನಡ ಬಳಗದ ಸ್ಫೂರ್ತಿ. ಅದೂ ಕೆಲಸಕ್ಕೇ. "ಸುಮಂಗಲಾ ಆಂಟಿ, ಎಸ್‌ಇಒ ಫೀಲ್ಡ್‌ಗೆ ನಮ್ಮವರು ತುಂಬಾ ಜನ ಬರ್ತಿದಾರೆ. ನಿಮ್ ಎಕ್ಸ್‌ಪೀರಿಯನ್ಸ್ ಸ್ವಲ್ಪ ಬರ್ಕೊಡಿ. ಟಿಪ್ಸ್ ಥರ ಇದ್ರೆ ಸಾಕು, ಜಾಸ್ತಿ ಉದ್ದ ಬೇಡ" ಅಂದಳು. ಟಿಪ್ಸ್ ಬೇಕಾದರೆ ಎಐಯನ್ನೇ ಕೇಳಮ್ಮ, ನೀನು ಹಲ್ಲುಜ್ಜುವಷ್ಟರಲ್ಲಿ ನೂರು ಕೊಡುತ್ತದೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಉದ್ದವಾಗಿಯೇ ಬರೆಯುತ್ತೇನೆ. ಓದುವ ತಾಳ್ಮೆ ಇಲ್ಲದವರು ಈ ಕೆಲಸಕ್ಕೆ ಬರುವುದೂ ಬೇಡ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಯಾರೋ ಒಬ್ಬರು ಅಂಗಡಿ ನಡೆಸುತ್ತಾರೆ, ಅದಕ್ಕೊಂದು ವೆಬ್‌ಸೈಟ್ ಇರುತ್ತದೆ. ಇನ್ಯಾರೋ ಫೋನಿನಲ್ಲಿ ಏನನ್ನೋ ಹುಡುಕುತ್ತಾರೆ. ಆ ಹುಡುಕಾಟದಲ್ಲಿ ಈ ಅಂಗಡಿಯ ಸೈಟು ಮೇಲೆ ಕಾಣುವ ಹಾಗೆ ಮಾಡುವುದು ನಮ್ಮ ಕೆಲಸ. ಸೈಟಿನ ಒಡೆಯರಿಗೆ ಬ್ಲಾಗ್ ಬರೆದುಕೊಡುವುದು, ಇಲ್ಲವೇ ಅವರಿಂದಲೇ ಬರೆಸುವುದು, ಶೀರ್ಷಿಕೆ ತಿದ್ದುವುದು, ಮುರಿದ ಲಿಂಕು ಸರಿಪಡಿಸುವುದು, ಇಷ್ಟೇ. ಹುಬ್ಬಳ್ಳಿಯಲ್ಲಿ ನಮ್ಮವ್ವನಿಗೆ ಇದನ್ನೆಲ್ಲ ವಿವರಿಸಿದಾಗ ಅವಳು, "ಅಂಗಡಿ ಬೋರ್ಡ್ ಬರಿಯೂ ಕೆಲಸ ಅನ್ನು ಹಂಗಾರ" ಅಂದಿದ್ದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ.

ಕೋರ್ಸುಗಳಲ್ಲಿ ಹೇಳದ ಒಂದು ಮಾತನ್ನು ಇಲ್ಲೇ ಹೇಳುತ್ತೇನೆ. ಇದು ಒಂಟಿ ಕೆಲಸ. ಊರಿಡೀ ಏನು ಹುಡುಕುತ್ತಿದೆ ಎಂದು ನಿಮಗೆ ಗೊತ್ತಿರುತ್ತದೆ, ಒಬ್ಬರ ಮುಖವೂ ಗೊತ್ತಿರುವುದಿಲ್ಲ. ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಬೇಡಿ, ಈ ಬರಹ ಅದರ ಬಗ್ಗೆ ಅಲ್ಲ. ಕೊನೆಯ ವರ್ಷಗಳಲ್ಲಿ ನನ್ನ ಜೊತೆ ಮನಸ್ಸಿಟ್ಟು ಮಾತಾಡುತ್ತಿದ್ದವಳು ಒಬ್ಬಳೇ ಒಬ್ಬಳು. ಅವಳೂ ಒಬ್ಬ ಕ್ಲೈಂಟ್, ಅದೂ ವಾರಕ್ಕೆ ಒಂದೇ ಸಲ. ನಿವೃತ್ತಿ ಹತ್ತಿರ ಬಂದಾಗ ಸಂಬಳ ನಿಲ್ಲುತ್ತದೆಂದು ನನಗೆ ಚಿಂತೆಯಾಗಲಿಲ್ಲ. ಆ ಮಾತು ನಿಂತುಹೋಗುತ್ತದಲ್ಲ ಎಂದು ಭಯವಾಯಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೆಂಗಳೂರಿನಲ್ಲಿ ನನ್ನ ಮೊದಲ ಬಾಸ್ ರಾಜಗೋಪಾಲ್ ಸರ್. ಆಗಿನ ಸರ್ಚ್ ಇಂಜಿನ್‌ಗಳು ಹಾಲುಗಲ್ಲದ ಕೂಸುಗಳು. ಒಂದು ಪದವನ್ನು ಎಷ್ಟು ಹೆಚ್ಚು ಸಲ ತುರುಕಿದರೆ ಸೈಟು ಅಷ್ಟು ಮೇಲೆ. ಒಂದು ಕಲ್ಯಾಣ ಮಂಟಪದ ಸೈಟಿಗೆ ಸರ್ ನನ್ನಿಂದ "ಜಯನಗರ ಕಲ್ಯಾಣ ಮಂಟಪ, ಬಸವನಗುಡಿ ಕಲ್ಯಾಣ ಮಂಟಪ, ಮಲ್ಲೇಶ್ವರ ಕಲ್ಯಾಣ ಮಂಟಪ" ಎಂದು ಇಡೀ ಬೆಂಗಳೂರನ್ನೇ ಬರೆಸಿದರು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ. ಓದುವವರಿಗೆ ಕಾಣದು, ಸರ್ಚ್ ಇಂಜಿನ್‌ಗೆ ಕಾಣುತ್ತದೆ. "ಇದು ನೈವೇದ್ಯ ಇದ್ದ ಹಾಗಮ್ಮ. ಪರದೆ ಹಿಂದೆ ದೇವ್ರು ನೋಡಿದ್ರೆ ಸಾಕು" ಅನ್ನುತ್ತಿದ್ದರು ಸರ್. ಮದುವೆ ಸೀಜನ್ ಬಂತು. ಡಿಸೈನ್ ಮಾಡುವ ಹುಡುಗಿಗೆ ಈ ಗುಟ್ಟು ಗೊತ್ತಿರಲಿಲ್ಲ. ಮಂಗಳಕರವಾಗಿರಲಿ ಎಂದು ಹಿನ್ನೆಲೆಯನ್ನು ಕುಂಕುಮದ ಬಣ್ಣಕ್ಕೆ ತಿರುಗಿಸಿಬಿಟ್ಟಳು. ಬಚ್ಚಿಟ್ಟ ಬಡಾವಣೆಗಳೆಲ್ಲ ಒಂದೇ ಏಟಿಗೆ ಎದ್ದು ಕೂತವು. ಮಂಟಪದ ಮಾಲೀಕರು ಫೋನ್ ಮಾಡಿ, "ಏನ್ರೀ ಇದು, ನನ್ ಸೈಟ್ ತುಂಬಾ ಬಸ್ ಬೋರ್ಡ್ ಬರ್ದಿದೀರಾ?" ಎಂದು ಕೂಗಾಡಿದರು. ನಮ್ಮ ಸರ್ ಕಣ್ಣು ಕೂಡ ಮಿಟುಕಿಸದೆ, "ಸರ್, ಅದು ಅಕ್ಷರ ರಂಗೋಲಿ, ಹೊಸಾ ಫ್ಯಾಷನ್ನು" ಅಂದರು. ಮಾಲೀಕರು ಒಂದು ವಾರ ಅದನ್ನು ನಂಬಿದ್ದರು ಕೂಡ.

ಸ್ವೀಡನ್ನಿನ ಈ ಉಪ್ಸಾಲಾಗೆ ಬಂದದ್ದು ವರ್ಕ್ ಪರ್ಮಿಟ್ ಮೇಲೆ, ಒಂದು ಸಣ್ಣ ಏಜೆನ್ಸಿಗೆ. ಮ್ಯಾನೇಜರ್ ಹೆಸರು ಲೆನಾರ್ಟ್, ಸಾಧು ಮನುಷ್ಯ. ಅಲ್ಲಿ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎಲ್ಲರೂ ಎದ್ದು ಅಡುಗೆಮನೆಯ ಮೇಜಿಗೆ ಹೋಗಿ ಕಾಫಿ ಕುಡಿಯುತ್ತಾರೆ. ಅದಕ್ಕೆ ಫಿಕಾ ಎಂದು ಹೆಸರು. ನಾನು ಹೋಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಟೀ ಅಂದರೆ ಕೀಬೋರ್ಡಿನ ಪಕ್ಕ ಇಟ್ಟುಕೊಂಡು ಹೀರುವುದು. ಎಲ್ಲರೂ ಹರಟೆ ಹೊಡೆಯುವಾಗ ಇವಳೊಬ್ಬಳು ದುಡಿಯುತ್ತಿದ್ದಾಳೆ ಎಂದು ಲೆನಾರ್ಟ್ ಮೆಚ್ಚಿಕೊಳ್ಳುತ್ತಾನೆ ಎಂದು ನನ್ನ ಲೆಕ್ಕ.

ವಸಂತ ಬಂತು. ಹಿಮ ಕರಗಿ ಇಡೀ ಉಪ್ಸಾಲಾ ಸೈಕಲ್ ಹುಡುಕುವ ಕಾಲ. ನನ್ನ ಕೈಯಲ್ಲಿ ಒಂದು ಸೈಕಲ್ ಅಂಗಡಿಯ ಸೈಟಿತ್ತು. ಒಂದು ಬೆಳಗ್ಗೆ ನೋಡಿದರೆ ಹುಡುಕಾಟದಲ್ಲಿ ಅಂಗಡಿಯೇ ಇಲ್ಲ, ಗುಡಿಸಿ ಹಾಕಿದ ಹಾಗೆ ಮಾಯ. ಹಿಂದಿನ ದಿನ ಸೈಟನ್ನು ಹೊಸದಾಗಿ ಕಟ್ಟಿ ಎಲ್ಲ ಪುಟಗಳ ವಿಳಾಸ ಬದಲಾಯಿಸಿದ್ದರು. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಏರ್ಪಾಡು ನಾನು ಮಾಡಬೇಕಿತ್ತು. "ನನಗೆ ಯಾರೂ ಹೇಳಲೇ ಇಲ್ಲವಲ್ಲ!" ಎಂದು ಹಾರಾಡಿದೆ. ಲೆನಾರ್ಟ್ ತಣ್ಣಗೆ, "ಹೇಳಿದೆವಲ್ಲ, ಫಿಕಾದಲ್ಲಿ. ನೀನು ಬರಲಿಲ್ಲ. ನಮ್ಮ ಮೇಲೆ ನಿನಗೇನಾದರೂ ಬೇಸರವೇ?" ಎಂದ. ಆ ಆಫೀಸಿನಲ್ಲಿ ಮುಖ್ಯವಾದ ಮಾತೆಲ್ಲ ಆಗುತ್ತಿದ್ದದ್ದು ಕಾಫಿ ಮೇಜಿನಲ್ಲಿ. ಇಮೇಲ್ ಬರುತ್ತಿದ್ದದ್ದು ಉಳಿದ ಚಿಲ್ಲರೆ ವಿಷಯಕ್ಕೆ.

ಸೈಕಲ್ ಅಂಗಡಿಯವನೇ ಆಫೀಸಿಗೆ ಬಂದ. ಟೋಪಿ ಕೈಯಲ್ಲಿ ಹಿಡಿದು ನಿಂತು, "ಇದು ಸ್ವಲ್ಪ ಬೇಸರದ ವಿಷಯ" ಎಂದ. ಅಷ್ಟೇ. ಹುಬ್ಬಳ್ಳಿಯಾಗಿದ್ದರೆ ಮೇಜು ಹತ್ತುತ್ತಿದ್ದ, ನಾನೂ ನಾಲ್ಕು ಮಾತಾಡುತ್ತಿದ್ದೆ, ಆಮೇಲೆ ಇಬ್ಬರೂ ಚಹಾ ಕುಡಿಯುತ್ತಿದ್ದೆವು. ಇಲ್ಲಿ ಬೈಯಿಸಿಕೊಳ್ಳಲೂ ಜನ ಸಿಗುವುದಿಲ್ಲ ಎಂದು ಅವತ್ತು ತುಂಬ ಸಂಕಟವಾಯಿತು. ಸೈಟನ್ನು ಸರಿಮಾಡಿದೆವು, ಅಂಗಡಿ ಮೇಲೆ ಬಂತು. ಆಮೇಲೆ ನಾನು ಫಿಕಾ ತಪ್ಪಿಸಲಿಲ್ಲ. ಅವರ ಕಾಫಿ ನನಗೆ ಸೇರದು, ಬಿಸಿನೀರಿನ ಲೋಟ ಹಿಡಿದು ಕೂರುತ್ತಿದ್ದೆ.

ನನ್ನ ಸ್ವೀಡಿಶ್ ಸ್ವಲ್ಪ ಕುದುರಿದ ಮೇಲೆ ಲೆನಾರ್ಟ್ ನನಗೆ ಗುನ್ನೆಲ್ ಎಂಬಾಕೆಯ ಸೈಟು ಕೊಟ್ಟ. ಬೇರೆ ಯಾರಿಗೂ ಅದು ಬೇಡವಾಗಿತ್ತು. ಗುನ್ನೆಲ್ ಸ್ಯಾಂಡ್‌ವಿಕೆನ್ ಊರಿನವಳು, ನನಗಿಂತ ಸ್ವಲ್ಪ ದೊಡ್ಡವಳು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಬಿಟ್ಟವಳು. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಜನರ ಚಾಕು, ಕತ್ತರಿಗಳಿಗೆ ಸಾಣೆ ಹಿಡಿದುಕೊಡುತ್ತಿದ್ದಳು, ಸಾಣೆಕಲ್ಲುಗಳನ್ನು ಸೈಟಿನಲ್ಲಿ ಮಾರುತ್ತಿದ್ದಳು. ಪ್ರತಿ ಮಂಗಳವಾರ ಒಂದು ಬ್ಲಾಗ್ ಬರೆಯುತ್ತಿದ್ದಳು. ಎಲ್ಲದಕ್ಕೂ ಒಂದೇ ಶೀರ್ಷಿಕೆ, "ಮಂಗಳವಾರ."

ನಮ್ಮ ಮೊದಲ ಮಾತುಕತೆಯೇ ಜಗಳ. ಈ ದೇಶದಲ್ಲಿ ಎಲ್ಲರೂ ಎಲ್ಲರಿಗೂ ನೀನು, ಹಾಗಾಗಿ ಇಲ್ಲೂ ಹಾಗೇ ಬರೆಯುತ್ತೇನೆ.

"ಜನ 'ಬ್ರೆಡ್ ಕೊಯ್ಯುವ ಚಾಕು ಮೊಂಡಾಗಿದೆ, ಏನು ಮಾಡಲಿ' ಅಂತ ಹುಡುಕುತ್ತಾರೆ ಗುನ್ನೆಲ್. 'ಮಂಗಳವಾರ' ಅಂತ ಯಾರೂ ಹುಡುಕಲ್ಲ."

"ಅದಕ್ಕೆ ಉತ್ತರ ಮಂಗಳವಾರದಲ್ಲೇ ಇದೆ."

"ಯಾವ ಮಂಗಳವಾರದಲ್ಲಿ?"

"ಎಲ್ಲ ಓದಿದರೆ ಸಿಗುತ್ತೆ."

ಅಯ್ಯೋ ಶಿವನೇ, ಇವಳೆಲ್ಲಿ ಗಂಟುಬಿದ್ದಳು ಅಂದುಕೊಂಡೆ. ಆದರೆ ಎಲ್ಲವನ್ನೂ ಕೂತು ಓದಿದೆ. ಆಕೆ ತಾನು ಕೈಯಾರೆ ಮಾಡಿ ನೋಡದ ಒಂದು ವಾಕ್ಯವನ್ನೂ ಬರೆದಿರಲಿಲ್ಲ. ಬ್ರೆಡ್ ಚಾಕುವಿನ ಹಲ್ಲುಗಳಿಗೆ ಒಂದೇ ಕಡೆ ಇಳಿಜಾರು ಇರುತ್ತದೆ, ಆ ಕಡೆ ಮಾತ್ರ ಮಸೆಯಬೇಕು, ಇನ್ನೊಂದು ಕಡೆ ಮುಟ್ಟಿದರೆ ಹಲ್ಲು ಸವೆದು ಹೋಗುತ್ತದೆ. ಧೈರ್ಯ ಇಲ್ಲದಿದ್ದರೆ ಬಲ್ಲವರಿಗೆ ಕೊಡಿ, ನನಗೇ ಕೊಡಬೇಕೆಂದಿಲ್ಲ. ಹೀಗೆ ಬರೆಯುತ್ತಿದ್ದಳು. ಕೊನೆಗೆ ಒಂದು ಒಪ್ಪಂದವಾಯಿತು. ಶೀರ್ಷಿಕೆ ನನ್ನದು, ಒಳಗಿನದು ಆಕೆಯದು, ಕೆಳಗೆ ಸಣ್ಣದಾಗಿ "ಮಂಗಳವಾರ" ಎಂದಿರಬೇಕು. ಆ ಬ್ರೆಡ್ ಚಾಕುವಿನ ಪುಟ ನಿಧಾನವಾಗಿ ಹುಡುಕಾಟದ ತುದಿಗೆ ಏರಿ ವರ್ಷಗಟ್ಟಲೆ ಅಲ್ಲೇ ಕೂತಿತು. ದೊಡ್ಡ ದೊಡ್ಡ ಅಂಗಡಿಗಳು ದುಡ್ಡು ಸುರಿದರೂ ಅದನ್ನು ಅಲ್ಲಾಡಿಸಲು ಆಗಲಿಲ್ಲ. ಟಿಪ್ಸ್ ಬೇಕೆಂದವರಿಗೆ ಇದೊಂದೇ ಟಿಪ್ಪು: ಮಾಡಿ ನೋಡಿದವರಿಂದ ಬರೆಸಿ, ನೀವು ಬಾಯಿ ಮುಚ್ಚಿಕೊಂಡು ಶೀರ್ಷಿಕೆ ಕೊಡಿ.

ಹೀಗೆ ಮಂಗಳವಾರದ ಮಾತು ಶುರುವಾಯಿತು. ಅರ್ಧ ಗಂಟೆ, ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿದ್ದು. ಗುನ್ನೆಲ್ ಕ್ಯಾಮೆರಾ ಹಾಕುತ್ತಿರಲಿಲ್ಲ. "ಮುಖ ನೋಡಿ ಏನು ಮಾಡುತ್ತೀಯ, ಸೈಟು ನೋಡು" ಎನ್ನುತ್ತಿದ್ದಳು. ನಾನೂ ಹಾಕಲಿಲ್ಲ. ಮೊದಲು ಸೈಟಿನ ಮಾತು. ಅದು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡುತ್ತಿರಲಿಲ್ಲ. ಆಮೇಲೆ ಆಕೆ, "ಇಲ್ಲಿ ಗಾಳಿ ಜೋರಾಗಿದೆ" ಎನ್ನುತ್ತಿದ್ದಳು. ನಾನು, "ಇಲ್ಲೂ" ಎನ್ನುತ್ತಿದ್ದೆ. ಅಲ್ಲಿಂದ ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು ಮಾತು. ತನ್ನ ಜೊತೆ ಕಾರ್ಖಾನೆಯಲ್ಲಿದ್ದ ತಂಗಿ ತೀರಿಕೊಂಡದ್ದನ್ನು ಆಕೆ ಹೇಳಿದ್ದು ಗಾಳಿಯ ಮಾತು ಮುಗಿದ ಮೇಲೆಯೇ. ನಮ್ಮವ್ವ ಕಣ್ಣುಮುಚ್ಚಿದ ವಾರ, ಊರಿಗೆ ಹೋಗಿ ಮುಖ ನೋಡಲೂ ಆಗಲಿಲ್ಲ ಎಂದು ನಾನು ಅತ್ತದ್ದೂ ಆಕೆಯ ಮುಂದೆಯೇ. ಆಕೆ ಸಮಾಧಾನ ಹೇಳಲಿಲ್ಲ. ಲೈನು ಕಟ್ ಆಯಿತೇನೋ ಎಂದುಕೊಳ್ಳುವಷ್ಟು ಹೊತ್ತು ಸುಮ್ಮನಿದ್ದು, "ನಾನು ಇಲ್ಲೇ ಇದ್ದೇನೆ" ಅಂದಳು.

ಏಜೆನ್ಸಿ ಆಫೀಸಿನ ಜಾಗ ಬಿಟ್ಟುಕೊಟ್ಟು ಎಲ್ಲರನ್ನೂ ಮನೆಯಿಂದಲೇ ಕೆಲಸ ಮಾಡಿ ಎಂದಿತು. ಫಿಕಾ ಕೂಡ ಪರದೆಯ ಮೇಲೆ. ಎಲ್ಲರೂ ಮ್ಯೂಟ್ ಮಾಡಿಕೊಂಡು ಕಾಫಿ ಕುಡಿಯುವುದನ್ನು ನೋಡಿದ್ದೀರಾ? ದೇವರಿಗೇ ಪ್ರೀತಿ. ಚಳಿಗಾಲದಲ್ಲಿ ಇಲ್ಲಿ ಮೂರು ಗಂಟೆಗೇ ಕತ್ತಲು. ಒಂದು ಸೋಮವಾರ ಗಂಟಲು ಸರಿಪಡಿಸಿಕೊಂಡಾಗ, ಶುಕ್ರವಾರದಿಂದ ನನ್ನ ದನಿಯನ್ನು ನಾನೇ ಕೇಳಿಲ್ಲ ಎಂದು ಗೊತ್ತಾಯಿತು. ಕನ್ನಡ ಬಳಗ ಇದೆಯಲ್ಲ ಅನ್ನಬಹುದು. ಇದೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಶಾಲೆಯ ಹಾಲಿನಲ್ಲಿ ಸೇರುತ್ತೇವೆ. ನಾನು ನನ್ನ ಹುಬ್ಬಳ್ಳಿ ಮಾತಿನ ಮೂಲೆಗಳನ್ನು ಮಡಚಿಟ್ಟುಕೊಂಡು ಬೆಂಗಳೂರಿನವರ ಹಾಗೆ ಮಾತಾಡುತ್ತೇನೆ. "ಆಂಟಿ, ಪುಳಿಯೋಗರೆ ಕೌಂಟರ್ ನೀವು ನೋಡ್ಕೊತೀರಾ?" ಎನ್ನುತ್ತಾರೆ. ನೋಡಿಕೊಳ್ಳುತ್ತೇನೆ. ಮಕ್ಕಳಿಗೆ ಬಡಿಸಿದರೆ "ತಾಕ್" ಎಂದು ಸ್ವೀಡಿಶಿನಲ್ಲಿ ಥ್ಯಾಂಕ್ಸ್ ಹೇಳಿ ಓಡುತ್ತವೆ. ಪಾತ್ರೆ ತೊಳೆದು ಬಸ್ಸು ಹತ್ತಿದರೆ ಮುಂದಿನ ಹಬ್ಬದವರೆಗೆ ನನ್ನ ನೆನಪು ಯಾರಿಗೂ ಇರುವುದಿಲ್ಲ. ಇದು ದೂರಲ್ಲ. ಅವರಿಗೆ ಸಂಸಾರ ಇದೆ, ಡಾಗಿಸ್ ಎನ್ನುವ ಶಿಶುವಿಹಾರದಿಂದ ಮಗುವನ್ನು ಕರೆತರಬೇಕು, ನೂರೆಂಟು ತಾಪತ್ರಯ.

ಆಮೇಲೆ ಬಂದದ್ದು ನಮ್ಮ ಕಸುಬಿನ ಬುಡ ಅಲ್ಲಾಡಿಸಿದ ಬದಲಾವಣೆ. ಹುಡುಕಿದರೆ ಸೈಟುಗಳ ಸಾಲು ಬರುತ್ತಿದ್ದ ಜಾಗದಲ್ಲಿ ಯಂತ್ರವೇ ಉತ್ತರ ಬರೆದು ಕೊಡತೊಡಗಿತು. ಜನ ಅಲ್ಲೇ ಓದಿ ಅಲ್ಲಿಂದಲೇ ಹೊರಟುಹೋಗುತ್ತಾರೆ, ಸೈಟಿಗೆ ಬರುವುದೇ ಇಲ್ಲ. ಗುನ್ನೆಲ್‌ಳ ಬ್ರೆಡ್ ಚಾಕುವಿನ ಪುಟ ಬಿಕೋ ಎನ್ನತೊಡಗಿತು. ಯಂತ್ರ ಬರೆದ ಉತ್ತರವನ್ನು ಆಕೆಗೆ ಓದಿ ಹೇಳಿದೆ.

"ನನ್ನ ಮಾತೇ ಅಲ್ಲವಾ ಅದು?"

"ನಿನ್ನದೇ. ಹೆಸರು ಹಾಕಿಲ್ಲ."

"ಹೆಸರು ಬಿಡು. ಆ ಕೊನೆಯ ಸಾಲು ಇನ್ನೊಮ್ಮೆ ಓದು."

"ಹಲ್ಲುಗಳನ್ನು ಎರಡೂ ಕಡೆಯಿಂದ ಮಸೆಯಿರಿ."

ಗುನ್ನೆಲ್ ಕೂಗಿದ್ದು ನಾನು ಕೇಳಿದ್ದು ಅದೊಂದೇ ಸಲ. "ಎರಡೂ ಕಡೆ ಮಸೆದರೆ ಚಾಕು ಹಾಳು! ಯಾರಿಗೆ ಫೋನ್ ಮಾಡಬೇಕು? ನಂಬರ್ ಕೊಡು."

"ಫೋನ್ ಮಾಡೋಕೆ ಅಲ್ಲಿ ಯಾರೂ ಇಲ್ಲ ಗುನ್ನೆಲ್."

"ಯಾರೋ ಒಬ್ಬರು ಇರಲೇಬೇಕು."

ನಾನು ಎಲ್ಲೆಲ್ಲೋ ದೂರು ತುಂಬಿ ಕಳಿಸಿದೆ. ಉತ್ತರ ಬರಲಿಲ್ಲ. ಪ್ರತಿ ವಾರ ಆಕೆ, "ಸರಿಮಾಡಿದರಾ?" ಎಂದು ಕೇಳುತ್ತಿದ್ದಳು. ತನ್ನ ವ್ಯಾಪಾರ ಬಿದ್ದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಎಲ್ಲೋ ಯಾರೋ ಒಳ್ಳೆಯ ಚಾಕು ಕೆಡಿಸಿಕೊಳ್ಳುತ್ತಿದ್ದಾರಲ್ಲ ಎಂಬುದೇ ಆಕೆಗೆ ಸಂಕಟ.

ಅಷ್ಟೊತ್ತಿಗೆ ಲೆನಾರ್ಟ್ ಹೋಗಿ ಎಮಿಲ್ ಎಂಬವನು ಮ್ಯಾನೇಜರ್ ಆಗಿದ್ದ. ಅವನು ನಗುನಗುತ್ತಾ, "ಇಂಥ ಸಣ್ಣ ಕ್ಲೈಂಟ್‌ಗೆ ವಾರವಾರ ಮೀಟಿಂಗ್ ಯಾಕೆ? ತಿಂಗಳಿಗೊಂದು ಆಟೊಮ್ಯಾಟಿಕ್ ವರದಿ ಹೋದರೆ ಸಾಕು" ಎಂದ. ನನ್ನ ಪಿತ್ತ ನೆತ್ತಿಗೇರಿತು. "ಆಕೆಗೆ ವರದಿ ಬೇಡ" ಅಂದೆ. "ಮತ್ತೇನು ಬೇಕು?" ಎಂದ. ಬೇಕಾದದ್ದು ನನಗೆ ಎಂದು ಹೇಗೆ ಹೇಳಲಿ? ಮಂಗಳವಾರದ ಮಾತನ್ನು ನನ್ನ ಊಟದ ಹೊತ್ತಿಗೆ ತಳ್ಳಿಕೊಂಡೆ, ನಿವೃತ್ತಿಯವರೆಗೆ ಹಾಗೇ ನಡೆಸಿದೆ. ನಿಮ್ಮ ಮ್ಯಾನೇಜರ್ ಹೀಗಂದರೆ ನೀವೂ ಹಾಗೆ ಮಾಡಿ ಎನ್ನುತ್ತಿಲ್ಲ. ನಾನು ಮಾಡಿದ್ದು ಹೇಳಿದೆ.

ಬೀಳ್ಕೊಡುಗೆಗೆ ಹಸಿರು ಕೇಕು ತಂದಿದ್ದರು, ಎಮಿಲ್ ನನ್ನ ಹೆಸರನ್ನು ಹೆಚ್ಚುಕಡಿಮೆ ಸರಿಯಾಗಿ ಹೇಳಿದ. ನನ್ನ ತಲೆಯಲ್ಲಿ ಇದ್ದದ್ದು ಕೊನೆಯ ಮಂಗಳವಾರ. ಇನ್ನು ಮೇಲೆ ಕೆಲಸವಿಲ್ಲದೆಯೂ ಮಾತಾಡೋಣವೇ ಎಂದು ಕೇಳಬೇಕೆಂದುಕೊಂಡಿದ್ದೆ. ಕನ್ನಡಿ ಮುಂದೆ ಸ್ವೀಡಿಶಿನಲ್ಲಿ ಅಭ್ಯಾಸವನ್ನೂ ಮಾಡಿದ್ದೆ. ಗುನ್ನೆಲ್ ಹೊಸ ಸಾಣೆಕಲ್ಲಿನ ಪುಟದ ಮಾತಾಡಿದಳು. ಮುಗಿದ ಮೇಲೆ ಎಂದಿನ ಮೌನ. ಗಾಳಿಯ ಮಾತು ಬರುತ್ತದೆಂದು ಕಾದೆ. "ಹಾಗಾದರೆ, ಎಲ್ಲದಕ್ಕೂ ಧನ್ಯವಾದ" ಅಂದಳು. "ನಿನಗೂ" ಅಂದೆ. ಟಕ್ ಎಂದು ಲೈನು ಕಡಿದು ಹೋಯಿತು. ಕೇಳಬೇಕಾದ್ದು ಬಾಯೊಳಗೇ ಉಳಿಯಿತು.

ಆಮೇಲಿನ ದಿನಗಳನ್ನು ಏನೆಂದು ಬರೆಯಲಿ? ಬೆಳಗ್ಗೆ ಎದ್ದ ತಕ್ಷಣ ಆಕೆಯ ಸೈಟು ತೆಗೆಯುತ್ತಿದ್ದೆ. ಮೊದಲ ಮಂಗಳವಾರ ಬ್ಲಾಗ್ ಬರಲಿಲ್ಲ. ಮುಂದಿನದೂ ಬರಲಿಲ್ಲ. ಮೈ ಸರಿಯಿಲ್ಲವೇ? ಬಿದ್ದಳೇ? ಬರೆಯುವುದು ಸಾಕಾಯಿತೇ? ನಾನು ಕೆಲಸಕ್ಕಾಗಿ ಮಾತಾಡುತ್ತಿದ್ದವಳು, ಕೆಲಸ ಮುಗಿಯಿತು, ಲೆಕ್ಕ ಚುಕ್ತಾ ಎಂದುಕೊಂಡಳೇ? ಹಾಗೆ ಅಂದುಕೊಂಡಿದ್ದರೆ ತಪ್ಪೂ ಅಲ್ಲ. ಅದೇ ನನ್ನನ್ನು ತಿನ್ನುತ್ತಿತ್ತು.

ಸ್ಫೂರ್ತಿ ಈ ಬರಹ ಕೇಳಲು ಫೋನ್ ಮಾಡಿದ್ದು ಆಗಲೇ. ಮಾತಿನ ನಡುವೆ ಹೇಳಿದೆ, "ಒಬ್ಬ ಹಳೇ ಕ್ಲೈಂಟ್ ಮನೆಗೆ ಹೋಗಿ ಬರಬೇಕು ಅಂತಿದೀನಿ. ಸುಮ್ನೆ."

"ಸುಮ್ನೆ ಅಂದ್ರೆ? ಅಯ್ಯೋ ಆಂಟಿ, ಇಲ್ಲೆಲ್ಲಾ ಹೇಳ್ದೆ ಕೇಳ್ದೆ ಹೋದ್ರೆ ಗಾಬರಿ ಆಗ್ತಾರೆ. ಫಸ್ಟ್ ಒಂದು ಮೆಸೇಜ್ ಹಾಕಿ, ಟೈಮ್ ಫಿಕ್ಸ್ ಮಾಡ್ಕೊಳಿ."

ಮಡಚಿಟ್ಟ ಹುಬ್ಬಳ್ಳಿಯೆಲ್ಲ ಬಿಚ್ಚಿಕೊಂಡಿತು. "ಏನಂತ ಮೆಸೇಜ್ ಹಾಕ್ಲಿ ನಾ? ಸಾಯೂದ್ರೊಳಗ ಒಮ್ಮೆ ಮಾರಿ ನೋಡೂಣು ಬಾ ಅಂತ ಹಾಕ್ಲೇನು?"

ಪಾಪ, ಹುಡುಗಿ ಬೆಚ್ಚಿಬಿದ್ದಿರಬೇಕು. "ಹೋಗ್ಬನ್ನಿ ಆಂಟಿ" ಎಂದು ಮೆಲ್ಲಗೆ ಹೇಳಿ ಇಟ್ಟಳು.

ಮರುದಿನ ಹೊರಟೆ. ಶೆಡ್ಡಿನ ವಿಳಾಸ ಸೈಟಿನಲ್ಲೇ ಇತ್ತು, ಯಾರು ಬೇಕಾದರೂ ಚಾಕು ಹಿಡಿದು ಹೋಗಬಹುದು. ನಾನೂ ಅಡುಗೆಮನೆಯಿಂದ ಊರಿನ ಈಳಿಗೆಯನ್ನು ತೆಗೆದು ಬಟ್ಟೆಯಲ್ಲಿ ಸುತ್ತಿದೆ. ಸಾಣೆ ಹಿಡಿಸಬೇಕಿತ್ತು ಅಂದರಾಯಿತು. ಬಾಗಿಲವರೆಗೆ ಹೋದವಳು ವಾಪಸು ಬಂದು ಅದನ್ನು ಇದ್ದಲ್ಲೇ ಇಟ್ಟೆ. ಇಷ್ಟು ವರ್ಷ ನೆಪ ಇಟ್ಟುಕೊಂಡೇ ಮಾತಾಡಿದ್ದಾಯಿತು, ಸಾಕು. ಯೆವ್ಲೆಯಲ್ಲಿ ರೈಲು ಬದಲಾಯಿಸುವಾಗ ಹಿಂದಿರುಗಿ ಹೋಗಿಬಿಡಲೇ ಎನ್ನಿಸಿತು.

ಕೆಂಪು ಬಣ್ಣದ ಸಣ್ಣ ಮನೆ, ಪಕ್ಕಕ್ಕೆ ಶೆಡ್ಡು. ಶೆಡ್ಡಿಗೆ ಬೀಗ ಹಾಕಿತ್ತು. ಮನೆಯ ಬೆಲ್ ಒತ್ತಿದೆ. ಬಾಗಿಲು ತೆರೆದವಳು ಎತ್ತರದ, ಬೆನ್ನು ಸ್ವಲ್ಪ ಬಾಗಿದ ಹೆಂಗಸು. ಒಂದು ಕೈಯಲ್ಲಿ ನೆಲ ಒರೆಸುವ ಕೋಲು. ಉಣ್ಣೆ ಟೋಪಿಯ ಕಪ್ಪು ಮುದುಕಿ ಯಾರು ಎಂಬಂತೆ ನನ್ನನ್ನು ನೋಡಿದಳು. "ಗುನ್ನೆಲ್" ಅಂದೆ. ದನಿ ಕೇಳಿದ ಕೂಡಲೇ ಆಕೆಯ ಮುಖ ಬದಲಾಯಿತು.

"ನೀನಾ? ಸೈಟಿಗೆ ಏನಾದರೂ ಆಯಿತಾ?"

"ಏನೂ ಆಗಿಲ್ಲ."

"ಚಾಕು ತಂದಿದ್ದೀಯ?"

"ಇಲ್ಲ."

"ಮತ್ತೆ?"

ಕನ್ನಡಿ ಮುಂದೆ ಕಲಿತ ವಾಕ್ಯಗಳೆಲ್ಲ ಹಾರಿಹೋದವು. "ಒಬ್ಬಳೇ ಆಗಿಬಿಟ್ಟಿದ್ದೇನೆ. ನಿನ್ನ ಜೊತೆ ಮಾತಾಡಬೇಕು ಅನ್ನಿಸಿತು. ಅದಕ್ಕೇ ಬಂದೆ" ಎಂದೆ. ಹೇಳಿದ ಮೇಲೆ ನಾಚಿಕೆಯಾಯಿತು.

ಆಕೆ ಬಾಗಿಲನ್ನು ಮುಚ್ಚಲೂ ಇಲ್ಲ, ದಾರಿ ಬಿಡಲೂ ಇಲ್ಲ. ಬಹಳ ಹೊತ್ತು ನನ್ನ ಕಾಲುಗಳನ್ನೇ ನೋಡುತ್ತ ನಿಂತಿದ್ದಳು.

"ಶೂ ಬಿಚ್ಚು" ಅಂದಳು. "ನೆಲ ಈಗಷ್ಟೇ ಒರೆಸಿದ್ದೇನೆ."

ಆಕೆ ಕೋಲನ್ನು ಗೋಡೆಗೆ ಒರಗಿಸಿ ಪಕ್ಕಕ್ಕೆ ಸರಿದಳು. "ಓದಿ ಜಗಳ ಮಾಡುವವರಿಲ್ಲದೆ ಮಂಗಳವಾರ ಬರೆಯುವ ಮನಸ್ಸಾಗಲಿಲ್ಲ" ಎಂದಳು. ನಾನು ಹೊಸ್ತಿಲ ಮೇಲೆ ಕೂತು ಲೇಸು ಬಿಚ್ಚತೊಡಗಿದೆ. ಚಳಿಗೆ ಬೆರಳು ಮರಗಟ್ಟಿದ್ದವು, ಗಂಟು ಬಿಚ್ಚಲು ಬರುತ್ತಿರಲಿಲ್ಲ. ಗುನ್ನೆಲ್ ಕಷ್ಟಪಟ್ಟು ಮೊಣಕಾಲೂರಿ ಕೂತು, ನನ್ನ ಇನ್ನೊಂದು ಶೂವಿನ ಗಂಟಿಗೆ ಕೈಹಾಕಿದಳು.